ಕಾಡೆಮ್ಮೆ ಬೇಟೆಗೆ .375 ಸಾಕೇ, .458 ಲಾಟ್ ಬೇಕೇ?

ನಮಸ್ಕಾರ. ಮುಂದಿನ ಚಳಿಗಾಲದಲ್ಲಿ ದಕ್ಷಿಣ ಆಫ್ರಿಕಾದ ಲಿಂಪೋಪೋದಲ್ಲಿ ಆಫ್ರಿಕಾದ ಕಾಡೆಮ್ಮೆಯ (ಕೇಪ್ ಬಫಲೋ) ಬೇಟೆಗೆ ಹೊರಟಿದ್ದೀರಿ, ಈಗ ಕೈಯಲ್ಲಿರುವುದು .30-06, ಗೆಳೆಯರು .458 ಲಾಟ್ ಕೊಳ್ಳಿ ಎನ್ನುತ್ತಿದ್ದಾರೆ, .375 ಸಾಲದೇ ಎಂದು ಕೇಳಿದ್ದೀರಿ. (ಚುಕ್ಕೆಯಿಂದ ಶುರುವಾಗುವ ಈ ಸಂಖ್ಯೆಗಳು ಕ್ಯಾಲಿಬರ್, ಅಂದರೆ ಗುಂಡಿನ ವ್ಯಾಸ ಸುಮಾರು ಎಷ್ಟು ಇಂಚು ಎಂಬುದು.) ಸಾಲುತ್ತದೆ. .375 ಎಚ್ ಅಂಡ್ ಎಚ್ (ಹಾಲಂಡ್ ಅಂಡ್ ಹಾಲಂಡ್) ಆರಿಸಿ, ಉಳಿದ ಹಣವನ್ನು ತೋಟಾಗಳಿಗೂ ಅಭ್ಯಾಸಕ್ಕೂ ಹಾಕಿ. ಲಾಟ್ ಈಗ ಬೇಡ.

ಈ ಚರ್ಚೆಯಲ್ಲಿ ಎರಡು ಬೇರೆ ಕೆಲಸಗಳು ಬೆರೆತುಹೋಗಿವೆ. ನಿಮ್ಮ ಕೆಲಸ ಮೊದಲ ಗುಂಡಿನದು: ನಿಂತಿರುವ ಪ್ರಾಣಿ, ನಲವತ್ತೋ ಎಂಬತ್ತೋ ಮೀಟರ್ ದೂರ, ಕೋವಿಗೆ ಮೂರು ಕೋಲುಗಳ ಆಸರೆ, ಉಸಿರು ಹಿಡಿಯಲು ಸಮಯ. ಪಕ್ಕದಲ್ಲಿರುವ ವೃತ್ತಿಪರ ಬೇಟೆಗಾರರ ಕೆಲಸ ಗಾಯಗೊಂಡು ಮೈಮೇಲೆ ಬರುತ್ತಿರುವ ಪ್ರಾಣಿಯನ್ನು ಕೆಲವೇ ಹೆಜ್ಜೆಗಳ ಅಂತರದಲ್ಲಿ ತಡೆಯುವುದು. ಲಾಟ್ ಹುಟ್ಟಿದ್ದು ಆ ಎರಡನೆಯ ಕೆಲಸಕ್ಕೆ. 1959ರಲ್ಲಿ ಮೊಜಾಂಬಿಕ್‌ನಲ್ಲಿ ಗಾಯಗೊಂಡ ಕಾಡೆಮ್ಮೆಯಿಂದ ತೀವ್ರವಾಗಿ ಪೆಟ್ಟುತಿಂದ ಜ್ಯಾಕ್ ಲಾಟ್, ಅಂದಿನ .458 ವಿಂಚೆಸ್ಟರ್ ಮ್ಯಾಗ್ನಂಗಿಂತ ಬಲವಾದದ್ದು ಬೇಕೆಂದು 1971ರಲ್ಲಿ ಇದನ್ನು ರೂಪಿಸಿದರು. ನಿಮ್ಮ ಬೇಟೆಗಾರರ ಹೆಗಲ ಮೇಲೆ ಅದು ಇದ್ದರೆ ನನಗೂ ಸಂತೋಷ. ನಿಮ್ಮ ಹೆಗಲಿಗೆ ಅದು ಮೊದಲ ದೊಡ್ಡ ಕೋವಿಯಾಗುವುದು ತಪ್ಪು ಆರಂಭ.

ಅಂಕಿಗಳನ್ನು ನೋಡಿ. ಇಲ್ಲಿ ಗ್ರೇನ್ ಎಂದರೆ ಗುಂಡಿನ ತೂಕದ ಅಳತೆ. .375 ಸುಮಾರು 300 ಗ್ರೇನ್ ಗುಂಡನ್ನು ಸೆಕೆಂಡಿಗೆ 770 ಮೀಟರ್ ವೇಗದಲ್ಲಿ ಎಸೆಯುತ್ತದೆ. .416 ರಿಗ್ಬಿ 400 ಗ್ರೇನನ್ನು 730ರ ಆಸುಪಾಸಿನಲ್ಲಿ, ಲಾಟ್ 500 ಗ್ರೇನನ್ನು 700ರಲ್ಲಿ. ಇವು ಕೋವಿಯ ಮುಂದಿನ ಲೆಕ್ಕ. ಹಿಂದಿನ ಲೆಕ್ಕವೂ ಇದೆ: .375ರ ಒದೆತ ನಿಮ್ಮ .30-06ರದ್ದಕ್ಕಿಂತ ಸುಮಾರು ಎರಡು ಪಟ್ಟು, ಲಾಟ್‌ನದು ಮೂರು ಪಟ್ಟಿಗೂ ಮೀರಿದ್ದು. ಅಂಥ ಒದೆತ ಒಮ್ಮೆ ಮೈಗೆ ಪರಿಚಯವಾದರೆ ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚುತ್ತದೆ, ಭುಜ ಹಿಂದಕ್ಕೆ ಸರಿಯುತ್ತದೆ. ಈ ಬೆಚ್ಚು ಅಂಟಿಕೊಂಡ ಮೇಲೆ ಬಿಡಿಸಲು ತಿಂಗಳುಗಳು ಬೇಕು, ಅಷ್ಟರಲ್ಲಿ ನಿಮ್ಮ ಬೇಟೆಯ ದಿನ ಬಂದಿರುತ್ತದೆ. ಹೊಟ್ಟೆಗೆ ಬಿದ್ದ 500 ಗ್ರೇನ್ ಗುಂಡಿಗಿಂತ ಹೃದಯಕ್ಕೆ ಬಿದ್ದ 300 ಗ್ರೇನ್ ಎಷ್ಟೋ ಮೇಲು.

ನಡುವೆ ನಿಲ್ಲುವುದು .416. ರಿಗ್ಬಿ 1911ರದು, ದೊಡ್ಡ ತೋಟಾ, ಕಡಿಮೆ ಒತ್ತಡ. ಬಿಸಿಲಿಗೆ ಕಾದರೂ ಖಾಲಿ ತೋಟಾ ಒಳಗೆ ಕಚ್ಚಿಕೊಳ್ಳುವ ಭಯ ಕಡಿಮೆ. 1988ರ .416 ರೆಮಿಂಗ್ಟನ್ ಅದೇ ಕೆಲಸವನ್ನು ಸಣ್ಣ ತೋಟಾದಿಂದ ಹೆಚ್ಚು ಒತ್ತಡದಲ್ಲಿ ಮಾಡುತ್ತದೆ. .375 ಮೈಗೆ ಒಗ್ಗಿದ ಮೇಲೆ ಇನ್ನೂ ಬಲ ಬೇಕೆನಿಸಿದರೆ .416ಕ್ಕೆ ಬನ್ನಿ. ಕಾಡೆಮ್ಮೆಗೆ ಇದಕ್ಕಿಂತ ಒಳ್ಳೆಯ ಕ್ಯಾಲಿಬರ್ ಇಲ್ಲವೆಂಬುದು ನನ್ನ ಅಭಿಪ್ರಾಯ, ಆದರೆ ಮೊದಲ ಮೆಟ್ಟಿಲು ಅದಲ್ಲ.

ಈ ಚರ್ಚೆಯಲ್ಲಿ ಒಬ್ಬರು ಇಪ್ಪತ್ತನೇ ಶತಮಾನದ ಆರಂಭದ ಆನೆ ಬೇಟೆಗಾರ ಕರಮೋಜೋ ಬೆಲ್ ಅವರ ಹೆಸರು ತೆಗೆದು, ಸಾವಿರಕ್ಕೂ ಹೆಚ್ಚು ಆನೆಗಳಲ್ಲಿ ಬಹುಪಾಲನ್ನು ಸಣ್ಣ 7 ಮಿಲಿಮೀಟರ್ ಕೋವಿಯಲ್ಲೇ ಉರುಳಿಸಲಿಲ್ಲವೇ ಎಂದು ಕೇಳಿದ್ದಾರೆ. ನಿಜ. ಬೆಲ್ ವೃತ್ತಿಯಿಂದಲೇ ಬೇಟೆಗಾರ, ಆನೆಯ ತಲೆಬುರುಡೆಯ ರಚನೆಯನ್ನು ಕೊಯ್ದು ಕಲಿತವರು, ಗುಂಡು ಕೂರುವ ಕೋನ ಸಿಗದಿದ್ದರೆ ಬಿಟ್ಟುಬಿಡಲು ಅವರಿಗೆ ನಾಳೆಯಿತ್ತು. ನಿಮ್ಮ ಬೇಟೆ ಕೆಲವು ದಿನಗಳದು. ಅದಿರಲಿ, ಈಗ ಕಾನೂನೇ ಅದಕ್ಕೆ ಅವಕಾಶ ಕೊಡುವುದಿಲ್ಲ. ಆಫ್ರಿಕಾದ ಹಲವು ದೇಶಗಳಲ್ಲಿ ಅಪಾಯಕಾರಿ ಪ್ರಾಣಿಗಳಿಗೆ .375 ಕನಿಷ್ಠ ಮಿತಿ. ಜಿಂಬಾಬ್ವೆ ಕಾಡೆಮ್ಮೆಗೂ ಆನೆಗೂ 9.2 ಮಿಲಿಮೀಟರ್ ವ್ಯಾಸ, 5.3 ಕಿಲೋಜೂಲ್ ಶಕ್ತಿ ಕೇಳುತ್ತದೆ. .375 ಎರಡನ್ನೂ ದಾಟುತ್ತದೆ.

.470ರ ಜೋಡುನಳಿಗೆ ಕೋವಿ ಸೂಚಿಸಿದವರಿಗೂ ಒಂದು ಮಾತು. ಸುಂದರವಾದ ಕೋವಿ, ಮತ್ತು ಅದರ ಭಾಗ್ಯ ತೆರೆದದ್ದು ನಮ್ಮ ದೇಶದಿಂದ: ದಂಗೆಕೋರರ ಬಳಿಯಿದ್ದ .450 ಬೋರಿನ ಮಾರ್ಟಿನಿ-ಹೆನ್ರಿ ಬಂದೂಕುಗಳಿಗೆ ಗುಂಡು ಸಿಕ್ಕೀತೆಂಬ ಭಯದಿಂದ ಬ್ರಿಟಿಷರು 1907ರ ಹೊತ್ತಿಗೆ ಭಾರತದಲ್ಲೂ ಸುಡಾನಿನಲ್ಲೂ .450 ಬೋರನ್ನು ನಿಷೇಧಿಸಿದರು, ಬೇಟೆಗಾರರು .465, .470ಗಳತ್ತ ತಿರುಗಿದರು. ಆದರೆ ಅದರ ಬೆಲೆಯಲ್ಲಿ ಹಲವು .375 ಬರುತ್ತವೆ. ಎರಡೂ ನಳಿಗೆಗಳು ಒಂದೇ ಕಡೆ ಹೊಡೆಯಬೇಕಾದರೆ ಅದಕ್ಕೆ ಹೊಂದಿಸಿದ ತೋಟಾವನ್ನೇ ಹುಡುಕಬೇಕು.

ಇನ್ನು ಗುಂಡು. ಕ್ಯಾಲಿಬರ್ ಬಗ್ಗೆ ಸಾಲುಗಟ್ಟಲೆ ಬರೆದ ಈ ಗುಂಪಿನಲ್ಲಿ ಇದರ ಬಗ್ಗೆ ಯಾರೂ ಕೇಳಲಿಲ್ಲ, ಅದು ನನಗೆ ಬೇಸರ. ಜಿಂಕೆಗೆಂದು ತಯಾರಾದ ತೆಳು ಕವಚದ ಗುಂಡು ಕಾಡೆಮ್ಮೆಯ ಭುಜದ ಮೂಳೆಯ ಮೇಲೆ ಚೂರಾಗಿ, ಒಳಗೆ ತಲುಪದೆ ಉಳಿಯಬಹುದು. ನಿಮಗೆ ಬೇಕಾದದ್ದು ಸೀಸವೂ ಕವಚವೂ ಬೆಸೆದುಕೊಂಡ ಸ್ವಿಫ್ಟ್ ಎ-ಫ್ರೇಮ್‌ನಂಥದ್ದು, ಇಲ್ಲವೇ ಪೂರ್ತಿ ತಾಮ್ರದ ಬಾರ್ನ್ಸ್ ಟಿಎಸ್ಎಕ್ಸ್‌ನಂಥದ್ದು. ಮೊದಲ ಈಡಿಗೆ ಇಂಥ ಅರಳುವ ಗುಂಡೇ ಇರಲಿ. ಅರಳದ ಸಾಲಿಡ್ ಗುಂಡು ಪ್ರಾಣಿಯನ್ನು ದಾಟಿ ಹಿಂದೆ ನಿಂತ ಇನ್ನೊಂದಕ್ಕೆ ತಗಲಬಲ್ಲದು. ಕಾಡೆಮ್ಮೆ ಹಿಂಡಿನ ಪ್ರಾಣಿ, ಹಿಂದೆ ಏನಿದೆ ಎಂದು ನೋಡದೆ ಹೊಡೆಯಬೇಡಿ. ಮ್ಯಾಗಜೀನಿನ ಕೆಳಗಿನ ತೋಟಾಗಳಿಗೆ ಚಪ್ಪಟೆ ಮೂತಿಯ ಸಾಲಿಡ್ ಹಾಕುವುದು ಹಳೆಯ ಪದ್ಧತಿ, ಓಡಿಹೋಗುವ ಪ್ರಾಣಿಗೆ ಹಿಂದಿನಿಂದ ಹೊಡೆಯಬೇಕಾದಾಗ ಆಳಕ್ಕೆ ಇಳಿಯುವುದು ಅದೇ.

ಗುರಿ ಕೆಳಗಿರಲಿ. ಬೆನ್ನುಮೂಳೆಯಿಂದ ಮೇಲೆದ್ದ ಉದ್ದ ಮೂಳೆಗಳು ಕಾಡೆಮ್ಮೆಯ ಬೆನ್ನನ್ನು ಎತ್ತರಿಸಿ ತೋರಿಸುತ್ತವೆ, ಹೊಸಬರು ಅದನ್ನು ನೋಡಿ ಮೇಲಕ್ಕೆ ಹೊಡೆಯುತ್ತಾರೆ. ಅಡ್ಡಲಾಗಿ ನಿಂತಿದ್ದರೆ ಮುಂಗಾಲಿನ ನೇರಕ್ಕೆ ಹೋಗಿ, ಎದೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ಗುಂಡು ಇಡಿ, ಹೃದಯ ಅಲ್ಲಿದೆ. ಗುಂಡು ಹೊರಟ ಕೂಡಲೇ ಬೋಲ್ಟ್ (ಹೊಸ ತೋಟಾ ತುಂಬಲು ಹಿಂದೆ ಮುಂದೆ ಎಳೆಯುವ ಭಾಗ) ಎಳೆದು ಮತ್ತೆ ಹೊಡೆಯಿರಿ, ಪ್ರಾಣಿ ಕಾಲ ಮೇಲಿರುವವರೆಗೂ ಹೊಡೆಯಿರಿ. ಮೊದಲ ಗುಂಡು ಎಲ್ಲಿ ಬಿತ್ತೆಂದು ನೋಡುತ್ತಾ ನಿಲ್ಲಬೇಡಿ.

ರೈಫಲ್ ಮೌಸರ್ ಮಾದರಿಯದ್ದಾಗಿರಲಿ: ಉಗುರಿನಂತೆ ತೋಟಾವನ್ನು ಹಿಡಿದುಕೊಂಡು ಒಳಗೆ ತಳ್ಳುವ ಬೋಲ್ಟ್, ಗಾಬರಿಯಲ್ಲಿ ಅರ್ಧ ಎಳೆದರೂ ಎರಡು ತೋಟಾ ಸಿಕ್ಕಿಕೊಳ್ಳುವ ಸಾಧ್ಯತೆ ಕಡಿಮೆ. ರೈಫಲ್ ಮೇಲಿನ ದುರ್ಬೀನು 1ರಿಂದ 4 ಪಟ್ಟಿನದು ಸಾಕು, ಆದರೆ ಕಣ್ಣಿನಿಂದ ಸಾಕಷ್ಟು ದೂರ ಇರಬೇಕು, ಇಲ್ಲದಿದ್ದರೆ ಒದೆತಕ್ಕೆ ಹುಬ್ಬು ಸೀಳುತ್ತದೆ. ಅಭ್ಯಾಸವನ್ನು ಮೇಜಿನ ಮೇಲೆ ಕೋವಿಯಿಟ್ಟು ಕೂತು ಮಾಡಬೇಡಿ, ಮೈ ಒದೆತವನ್ನೆಲ್ಲ ನುಂಗಬೇಕಾಗುತ್ತದೆ. ಗುರಿ ಸರಿಪಡಿಸಿಕೊಂಡ ಮೇಲೆ ನಿಂತು, ಕೋಲುಗಳ ಮೇಲಿಟ್ಟು ಹೊಡೆಯಿರಿ. ಒಮ್ಮೆಗೆ ಕೆಲವೇ ಈಡು, ಉಳಿದದ್ದು .30-06ರಲ್ಲಿ.

ಕೊನೆಗೆ, ಕೊಳ್ಳಲೇಬೇಕೆಂದಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಹೊಸ ಕೋವಿಗೆ ಹೊಸ ಪರವಾನಗಿ ಬೇಕು. ಬೇಟೆ ಏರ್ಪಡಿಸುವವರ ಬಳಿ ಸಾಮಾನ್ಯವಾಗಿ .375 ಇರುತ್ತದೆ, ಪರವಾನಗಿ ಇರುವವರ ನೇರ ಉಸ್ತುವಾರಿಯಲ್ಲಿ ಅದನ್ನು ಬಳಸಬಹುದು. ಮುಂಗಡ ಕಟ್ಟುವ ಮೊದಲೇ ಅವರ ಕೋವಿ ಯಾವುದು, ಯಾವ ಗುಂಡು ಕೊಡುತ್ತಾರೆ, ಒಂದು ದಿನ ಮೊದಲೇ ಬಂದು ಗುರಿ ಪರೀಕ್ಷಿಸಲು ಬಿಡುತ್ತಾರೆಯೇ ಎಂಬುದನ್ನು ಬರಹದಲ್ಲಿ ತರಿಸಿಕೊಳ್ಳಿ. ಉತ್ತರ ಬಂದ ಮೇಲೆ ಇಲ್ಲಿ ಹಾಕಿ, ಗುಂಡಿನ ಆಯ್ಕೆಯನ್ನು ಸೇರಿ ನೋಡೋಣ.