ನಡುಪಿನ್ನಿನ ಪುಸ್ತಿಕೆಗೆ ಪುಟಗಳ ಜೋಡಣೆ

ಪ್ರಶ್ನೆ: ನಮ್ಮ ಸಂಘದ ಸ್ಮರಣ ಸಂಚಿಕೆ 18 ಪುಟಗಳಷ್ಟಾಗಿದೆ. ಎ4 ಹಾಳೆಗಳನ್ನು ಮಡಿಸಿ ನಡುವೆ ಪಿನ್ ಹೊಡೆಸಬೇಕೆಂದಿದ್ದೇವೆ. ಪುಟಗಳನ್ನು ಹೇಗೆ ಜೋಡಿಸಬೇಕು?

ಉತ್ತರ: ಮಡಿಸಿದ ಒಂದು ಹಾಳೆಯಲ್ಲಿ ನಾಲ್ಕು ಪುಟಗಳಿರುವುದರಿಂದ ಒಟ್ಟು ಸಂಖ್ಯೆ ನಾಲ್ಕರ ಗುಣಕವಾಗಿರಬೇಕು, ಎರಡು ಪುಟ ಸೇರಿಸಿ 20 ಮಾಡಿಕೊಳ್ಳಿ (ಜಾಹೀರಾತಿಗೆ ಅನುಕೂಲವೇ ಆಯಿತು). ಆಗ ಒಂದೇ ಮೈಯಲ್ಲಿ ಅಕ್ಕಪಕ್ಕ ಬರುವ ಪುಟಸಂಖ್ಯೆಗಳ ಮೊತ್ತ ಸದಾ 21 ಆಗುತ್ತದೆ: ಹೊರಹಾಳೆಯ ಮೇಲ್ಮೈಯಲ್ಲಿ ಎಡಕ್ಕೆ 20, ಬಲಕ್ಕೆ 1, ಅದರ ಹಿಂಬದಿಯಲ್ಲಿ ಎಡಕ್ಕೆ 2, ಬಲಕ್ಕೆ 19, ಹೀಗೆ ಸಾಗಿ ನಟ್ಟನಡುವೆ 10 ಮತ್ತು 11 ಎದುರುಬದುರಾಗುತ್ತವೆ. ಎರಡೂ ಬದಿ ಮುದ್ರಿಸುವಾಗ ಹಾಳೆಯನ್ನು ಗಿಡ್ಡ ಅಂಚಿನ ಮೇಲೆ ಹೊರಳಿಸುವ ಆಯ್ಕೆಯನ್ನೇ ಕೊಡಿ, ಇಲ್ಲದಿದ್ದರೆ ಹಿಂಬದಿ ತಲೆಕೆಳಗಾಗುತ್ತದೆ. ಒಳಹಾಳೆಗಳು ತುಸು ಹೊರಚಾಚುವುದರಿಂದ ಅಂಚು ಕತ್ತರಿಸಿದಾಗ ನಡುಪುಟಗಳ ಅಗಲ ಕಡಿಮೆಯಾಗುತ್ತದೆ; ಹಾಗಾಗಿ ಪುಟಸಂಖ್ಯೆಯನ್ನು ಅಂಚಿಗೆ ತೀರ ಹತ್ತಿರ ಇಡಬೇಡಿ.