ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆಯ ಸ್ಪೀಕಿಂಗ್‌ನಲ್ಲಿ (ಮಾತಾಡುವ ಪರೀಕ್ಷೆಯಲ್ಲಿ) ವಿಚಾರ ತಲೆಯಲ್ಲಿರುತ್ತೆ, ಬಾಯಿಗೆ ಬರಲ್ಲ. ಇಂಗ್ಲಿಷಿನಲ್ಲೇ ಯೋಚಿಸೋದು ಕಲೀಬೇಕಾ?

ಬೇಕಾಗಿಲ್ಲ. ನಾನು ಶಿರಸಿ ಕಡೆಯವನು, ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಈ ಪರೀಕ್ಷೆಗೆ ಎರಡು ಸಲ ಕೂತೆ, ಎರಡೂ ಸಲ ಯೋಚಿಸಿದ್ದು ಕನ್ನಡದಲ್ಲೇ. ಬದಲಾದದ್ದು ಹೇಳುವ ಕ್ರಮ ಮಾತ್ರ.

ಮೊದಲ ಸಲ, ಸ್ಪೀಕಿಂಗ್‌ನ ಮೂರನೇ ಭಾಗದಲ್ಲಿ, ಹವಾಮಾನದಿಂದ ಜನರ ದುಡಿಮೆಗೆ ತೊಂದರೆಯಾಗುತ್ತದಾ ಅಂತ ಕೇಳಿದರು. ತೋಟದ ಮನೆಯವನಿಗೆ ಇದಕ್ಕಿಂತ ಸಲೀಸು ಪ್ರಶ್ನೆ ಉಂಟಾ! ಶುರುಮಾಡಿದೆ: ನಮ್ಮಲ್ಲಿ ಮಳೆ ಜಾಸ್ತಿ, ಮಳೆ ಹಿಡಿಯುವ ಮೊದಲೇ ಅಡಿಕೆ ಗೊನೆಗೆ ಬೋರ್ಡೋ ಹೊಡೀಬೇಕು, ಅದು ಮೈಲುತುತ್ತ-ಸುಣ್ಣದ ದ್ರಾವಣ, 40-45 ದಿನಕ್ಕೆ ಮತ್ತೊಮ್ಮೆ ಹೊಡೀಬೇಕು, ಮಳೆ ಬಿಡುವು ಕೊಡದಿದ್ದರೆ ಆಗಲ್ಲ... ಕೊಳೆರೋಗ ಬಂದು ವರ್ಷದ ಫಸಲೇ ಹೋಗುತ್ತೆ ಅನ್ನುವ ಮಾತಿಗೆ ಬರುವಷ್ಟರಲ್ಲಿ ಪರೀಕ್ಷಕರು ಮುಂದಿನ ಪ್ರಶ್ನೆ ಕೇಳಿಯಾಗಿತ್ತು. ಅವರದೇನೂ ತಪ್ಪಿಲ್ಲ, ಆ ಭಾಗಕ್ಕೆ ಇರೋದೇ 4-5 ನಿಮಿಷ.

ನಾವು ಜಗಲಿಯಲ್ಲಿ ಮಾತಾಡೋದೇ ಹಾಗೆ. ಹಿನ್ನೆಲೆಯೆಲ್ಲ ಮೊದಲು, ಸಂಗತಿ ಕೊನೆಗೆ. ಕನ್ನಡದಲ್ಲಿ ಕ್ರಿಯಾಪದ ಕೂಡ ವಾಕ್ಯದ ತುದಿಗೇ ಬರುತ್ತೆ. ಕೇಳುವವರು ಕವಳ ಹಾಕಿಕೊಂಡು ಕಾಯುತ್ತಾರೆ, ಪರೀಕ್ಷಕರು ಕಾಯುವುದಿಲ್ಲ. ಎರಡನೇ ಸಲಕ್ಕೆ ತಿರುವುಮುರುವು ಮಾಡಿ ಅಭ್ಯಾಸ ಮಾಡಿದೆ: 'ಯೆಸ್, ಟೂ ಮಚ್ ರೈನ್ ಕ್ಯಾನ್ ಡಿಸ್ಟ್ರಾಯ್ ಅವರ್ ಹೋಲ್ ಕ್ರಾಪ್.' ಬಿಕಾಸ್ ಏನಿದ್ದರೂ ಆಮೇಲೆ.

ಇನ್ನೊಂದು. ಕೊಳೆರೋಗಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ ಅಂತ ಹುಡುಕುತ್ತ ಮೊದಲ ಸಲ ನಾನು ಬಾಯಿ ಕಟ್ಟಿದವನ ಹಾಗೆ ಕೂತಿದ್ದೆ. 'ದ ನಟ್ಸ್ ರಾಟ್ ಅಂಡ್ ಫಾಲ್' ಅಂದಿದ್ದರೆ ಸಾಕಿತ್ತು. ಗೊತ್ತಿಲ್ಲದ ಶಬ್ದವನ್ನು ಬೇರೆ ಮಾತಲ್ಲಿ ದಾಟಿಸೋದಕ್ಕೂ ಅಂಕವಿದೆ, ಶಬ್ದಸಂಪತ್ತಿನ ಲೆಕ್ಕದಲ್ಲಿ. ಉಳಿದ ಮೂರು ಲೆಕ್ಕ ಅಂದರೆ ತಡವರಿಸದೆ ಒಂದಕ್ಕೊಂದು ಹೊಂದುವಂತೆ ಮಾತಾಡೋದು, ವ್ಯಾಕರಣ, ಉಚ್ಚಾರ. ನಾಲ್ಕಕ್ಕೂ ಸಮಪಾಲು. ನಿಮ್ಮ ಅಭಿಪ್ರಾಯ ಸರಿಯೋ ತಪ್ಪೋ ಯಾರೂ ನೋಡಲ್ಲ.

ಎರಡನೇ ಭಾಗದಲ್ಲಿ ವಿಷಯ ಬರೆದ ಕಾರ್ಡ್ ಕೊಟ್ಟು, ತಯಾರಿಗೆ 1 ನಿಮಿಷ ಬಿಟ್ಟು, 2 ನಿಮಿಷದ ತನಕ ಮಾತಾಡಿಸುತ್ತಾರೆ. ಅದನ್ನು ಮನೆಯಲ್ಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ನಾನು ಮಾರಿಕಾಂಬಾ ಜಾತ್ರೆ ಬಗ್ಗೆ ಮಾತಾಡಿದ್ದನ್ನು ಕೇಳಿಸಿಕೊಂಡರೆ ವಾಕ್ಯಕ್ಕೊಂದು 'ಮೀನ್ಸ್'! ನಮ್ಮ 'ಅಂದ್ರೆ'ಯ ತರ್ಜುಮೆ ಅದು. ಒಳಗಿಂದ ಆಯಿ ಕೇಳಿದಳು, "ಎಂತದಾ ಅದು, ಮೀನ್ಸು ಮೀನ್ಸು ಹೇಳಿ?" ಮಾರನೇ ದಿನದಿಂದ ಆ ಜಾಗದಲ್ಲಿ ಸುಮ್ಮನೆ ಉಸಿರು ತೆಗೆದುಕೊಳ್ಳುವುದನ್ನು ರೂಢಿ ಮಾಡಿಕೊಂಡೆ. ವಾರ ಹಿಡಿಯಿತು.