ಬರಹಗಾರರಿಗೆ ಸಲಹೆ: ಮುತ್ತಾತನ ಕಾಲಿನ ಗುಳಿ

ನಮಸ್ಕಾರ.

ನಿಮ್ಮ ‘ಸಿಂಗಪುರದ ಸಿಂಹ’ ಲೇಖನ ತಲುಪಿತು. ಹತ್ತು ಪುಟ. ಮೂರನೇ ಪುಟ ಮುಗಿಯುವಷ್ಟರಲ್ಲಿ ‘ಪ್ರಕಟಣೆಗೆ ಸ್ವೀಕೃತವಾಗಿಲ್ಲ’ ಎಂಬ ಮಾಮೂಲಿ ಎರಡು ಸಾಲು ಬರೆದು ವಾಪಸು ಕಳಿಸುವವನಿದ್ದೆ. ಏಳನೇ ಪುಟದ ಒಂದು ವಾಕ್ಯ ತಡೆಯಿತು. ಈ ಉದ್ದದ ಉತ್ತರ ಆ ವಾಕ್ಯದ ದೆಸೆಯಿಂದ. ಇದನ್ನು ಅಂಕಣದಲ್ಲಿ ಹಾಕಲು ನೀವು ಒಪ್ಪಿದ್ದರಿಂದ ಉಳಿದ ಓದುಗರಿಗೂ ವಿಷಯ ತಿಳಿಸಿಬಿಡುತ್ತೇನೆ: ನಿಮ್ಮ ಮುತ್ತಾತ ಮಹಾರಾಜರ ಕಾಲಾಳು ಪಡೆಯಾದ ಮೈಸೂರು ಇನ್‌ಫೆಂಟ್ರಿಯ ಸಿಪಾಯಿ. 1942ರಲ್ಲಿ ಸಿಂಗಪುರ ಬಿದ್ದಾಗ ಜಪಾನೀಯರ ಕೈಗೆ ಸೆರೆಸಿಕ್ಕರು. ಯುದ್ಧ ಮುಗಿದ ಮೇಲೆ ತುಮಕೂರು ಕಡೆಯ ತಮ್ಮ ಹಳ್ಳಿಗೆ ಬಂದು, ಮತ್ತೆ ನಲವತ್ತು ವರ್ಷ ಹೊಲ ಉತ್ತು ತೀರಿಕೊಂಡರು. ಅವರ ಮಗಳು, ಅಂದರೆ ನಿಮ್ಮ ಅಜ್ಜಿ, ಈಗಲೂ ಅದೇ ಮನೆಯಲ್ಲಿದ್ದಾರೆ.

ಮೊದಲು ಬೈಗುಳ ಮುಗಿಸುತ್ತೇನೆ.

ನೀವು ಶುರು ಮಾಡುವುದು ಈಗಿನ ಇಸ್ರೇಲಿನಲ್ಲಿರುವ ಹೈಫಾದಿಂದ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಲ್ಯಾನ್ಸರ್ಸ್ ಸವಾರರು ಆ ಊರನ್ನು ಹಿಡಿದದ್ದು ನಿಜ. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನವನದು ಎಂಬುದೂ ನಿಜ. ಆದರೆ ಮುತ್ತಾತ ಹುಟ್ಟಿದ್ದೇ 1918ರಲ್ಲಿ ಎಂದು ನೀವೇ ಬರೆದಿದ್ದೀರಿ. ಮೇಲಾಗಿ ಅವರು ಕಾಲಾಳು, ಕುದುರೆ ಹತ್ತಿದವರಲ್ಲ. ಬೇರೆಯವರ ಕುದುರೆಯ ಮೇಲೆ ನಮ್ಮ ತಾತನನ್ನು ಕೂರಿಸಿ ಮೆರವಣಿಗೆ ಮಾಡುವ ಅಗತ್ಯವೇನಿತ್ತು? ಒಂದೂಕಾಲು ಪುಟ. ಪೂರ್ತಿ ತೆಗೆಯಿರಿ.

ಮೂರನೇ ಪುಟದಲ್ಲಿ, ಸಿಂಗಪುರ ಬಿದ್ದ ವಾರದಲ್ಲೇ ನೇತಾಜಿ ಮೈದಾನದಲ್ಲಿ ನಿಂತು ಕರೆ ಕೊಡುತ್ತಾರೆ, ಮುತ್ತಾತ ಮುಷ್ಟಿ ಎತ್ತಿ ಮೊದಲ ಸಾಲಿಗೆ ಬರುತ್ತಾರೆ. ಸಿಂಗಪುರ ಶರಣಾದದ್ದು 1942ರ ಫೆಬ್ರವರಿ 15ರಂದು. ಭಾರತೀಯ ಸಿಪಾಯಿಗಳನ್ನು ಬೇರ್ಪಡಿಸಿ ಫ್ಯಾರರ್ ಪಾರ್ಕ್ ಮೈದಾನದಲ್ಲಿ ಕೂಡಿಸಿ ಜಪಾನೀಯರಿಗೆ ಒಪ್ಪಿಸಿದ್ದು 17ರಂದು. ಅಲ್ಲಿ ಮಾತಾಡಿದವರು ಜಪಾನೀ ಸೇನೆಯ ಮೇಜರ್ ಫುಜಿವಾರ ಮತ್ತು ಸೆರೆಯಾದ ಸಿಪಾಯಿಗಳಿಂದ ಬ್ರಿಟಿಷರ ವಿರುದ್ಧ ಆಜಾದ್ ಹಿಂದ್ ಫೌಜು ಕಟ್ಟಲು ಹೊರಟ ಕ್ಯಾಪ್ಟನ್ ಮೋಹನ್ ಸಿಂಗ್. ನೇತಾಜಿ ಆಗ ಜರ್ಮನಿಯಲ್ಲಿದ್ದರು. ಸಿಂಗಪುರಕ್ಕೆ ಕಾಲಿಟ್ಟಿದ್ದು 1943ರ ಜುಲೈನಲ್ಲಿ. ಇದು ಶಾಲೆಯ ಮಕ್ಕಳೂ ಹಿಡಿಯಬಹುದಾದ ತಪ್ಪು. ಇದನ್ನು ಕಂಡ ಓದುಗ ಮುಂದೆ ನೀವು ಹೇಳುವ ನಿಜವನ್ನೂ ನಂಬುವುದಿಲ್ಲ.

ಐದನೇ ಪುಟದ ಪತ್ರದ ವಿಷಯ ಇನ್ನೂ ಗಂಭೀರ. ಸೆರೆಶಿಬಿರದಿಂದ ಮುತ್ತಾತ ಹೆಂಡತಿಗೆ ಬರೆದದ್ದು ಎಂದು ಒಂದೂವರೆ ಪುಟ ಕೊಟ್ಟಿದ್ದೀರಿ. ಅದರಲ್ಲಿ ಜಪಾನೀ ಕಾವಲುಗಾರರ ಕ್ರೌರ್ಯವಿದೆ, ಕಾವೇರಿಯ ನೆನಪಿದೆ, ಕನ್ನಡಾಂಬೆಗೆ ನಮನವಿದೆ. ಮೂಲ ಎಲ್ಲಿದೆ ಎಂದು ಫೋನಿನಲ್ಲಿ ಕೇಳಿದಾಗ ಸ್ವಲ್ಪ ತಡವರಿಸಿ, “ಹೀಗೆ ಬರೆದಿರಬಹುದು ಅಂತ ನಾನೇ ಊಹಿಸಿಕೊಂಡೆ ಸರ್” ಅಂದಿರಿ. ಹೇಳಿದ್ದಕ್ಕೆ ಸಂತೋಷ. ಆ ಶಿಬಿರಗಳಿಂದ ಮನೆಗೆ ಬಂದದ್ದು, ಬಂದರೆ, ಒಂದು ಕಾರ್ಡು. ನಾಲ್ಕು ಮಾತಿಗಷ್ಟೇ ಜಾಗ, ಅದನ್ನೂ ಸೆನ್ಸಾರಿನವರು ಓದಿಯೇ ಬಿಡಬೇಕು. ಕಾವಲುಗಾರ ಹೊಡೆದ ಎಂದು ಬರೆದ ಕಾಗದ ಶಿಬಿರದ ಗೇಟು ದಾಟುತ್ತಿರಲಿಲ್ಲ. ನಿಮ್ಮ ಮನೆಗೆ ಮೂರೂವರೆ ವರ್ಷದಲ್ಲಿ ಒಂದೇ ಒಂದು ಕಾರ್ಡು ಬಂದಿತ್ತು, ‘ಕ್ಷೇಮ’ ಎಂಬುದರ ಹೊರತು ಅದರಲ್ಲಿ ಏನೂ ಇರಲಿಲ್ಲ, ಅಷ್ಟು ಓದಿ ಹೇಳಲು ಪಕ್ಕದೂರಿನ ಮೇಷ್ಟ್ರನ್ನು ಕರೆತರಬೇಕಾಯಿತು ಎಂದು ಆರನೇ ಪುಟದಲ್ಲಿ ಅಜ್ಜಿ ಹೇಳಿದ್ದಾಗಿ ಬರೆದಿದ್ದೀರಿ. ಆ ಕಾರ್ಡಿನ ಪಕ್ಕದಲ್ಲೇ ನಿಮ್ಮ ಒಂದೂವರೆ ಪುಟದ ಪತ್ರ ಕೂತಿದೆ. ಎರಡರಲ್ಲಿ ಯಾವುದು ಭಾರ ಎಂದು ತೂಗಿ ನೋಡಿ.

ಕತೆ ಬರೆಯುವುದಾದರೆ ಊಹಿಸಿ, ಯಾರೂ ಬೇಡ ಅನ್ನುವುದಿಲ್ಲ. ‘ನನ್ನ ಮುತ್ತಾತ’ ಎಂದು ಮೇಲೆ ಬರೆದ ಮೇಲೆ ಸತ್ತವರ ಬಾಯಲ್ಲಿ ಮಾತು ತುರುಕಬಾರದು.

ಈಗ ಆಜಾದ್ ಹಿಂದ್ ಫೌಜಿನ ಮಾತು. ಮುತ್ತಾತ ಅದನ್ನು ಸೇರಿದರು ಎಂದು ನಿಮಗೆ ಹೇಳಿದವರು ಯಾರು? ಅಜ್ಜಿ ಹೇಳಿದ್ದಾಗಿ ಎಲ್ಲೂ ಇಲ್ಲ. ಅದಕ್ಕೆ ಬದಲಾಗಿ ಎಂಟನೇ ಪುಟದಲ್ಲಿ, ವಾಪಸು ಬಂದ ಮೇಲೆ ಸೆರೆಯಲ್ಲಿದ್ದಷ್ಟು ಕಾಲದ ಬಾಕಿ ಸಂಬಳ ಒಟ್ಟಿಗೆ ಕೈಸೇರಿ, ಅದರಲ್ಲಿ ಒಂದು ಜೊತೆ ಎತ್ತು ಕೊಂಡರು ಎಂದಿದೆ. ಫೌಜಿನಿಂದ ಮರಳಿದವರನ್ನು ಬ್ರಿಟಿಷರು ಬಿಳಿ, ಬೂದು, ಕಪ್ಪು ಎಂದು ಮೂರು ಬಣ್ಣ ಕಟ್ಟಿ ವಿಂಗಡಿಸಿದರು. ‘ಕಪ್ಪು’ ಎನಿಸಿಕೊಂಡವರನ್ನು ಬಾಕಿಯೂ ಕೊಡದೆ ಕೆಲಸದಿಂದ ತೆಗೆದರು. ಬಾಕಿ ಪೂರ್ತಿ ಸಿಕ್ಕಿದೆ ಎಂದರೆ ಮುತ್ತಾತ ಸೇರಿರಲಿಲ್ಲ ಎನ್ನುವ ಕಡೆಗೇ ತಕ್ಕಡಿ ವಾಲುತ್ತದೆ. ಇಷ್ಟರಿಂದಲೇ ತೀರ್ಪು ಕೊಡಲು ಆಗದು, ನಿಜ. ಆದರೆ ನೀವು ತೀರ್ಪು ಕೊಟ್ಟಾಗಿದೆ, ಅದೂ ಉಲ್ಟಾ.

ಯಾಕೆ ಹೀಗಾಯಿತು ಎಂದು ನನಗೆ ಗೊತ್ತು. ಸೇರದವರು ಹೇಡಿಗಳು, ಇಲ್ಲವೇ ಇಂಗ್ಲಿಷರ ಬಂಟರು ಎಂಬ ಭಯ ನಿಮಗಿದೆ. ಸೇರಲು ಒಪ್ಪದ ಎಷ್ಟೋ ಭಾರತೀಯ ಸಿಪಾಯಿಗಳನ್ನು ಜಪಾನೀಯರು ಹಡಗಿನಲ್ಲಿ ತುಂಬಿ ನ್ಯೂಗಿನಿ, ರಬೌಲ್ ಕಡೆಯ ದ್ವೀಪಗಳಿಗೆ ಕೂಲಿಗೆ ಸಾಗಿಸಿದರು. ಹಸಿವಿನಿಂದ, ಮಲೇರಿಯಾದಿಂದ, ಏಟಿನಿಂದ ಸತ್ತವರು ಬಹಳ. ಸೇರಿದವರಲ್ಲೂ ಬರ್ಮಾದ ಕಾಡಿನಲ್ಲಿ ಸತ್ತವರು ಬಹಳ. ಕೊಡಗಿನ ಒಂದೇ ಮನೆಯ ಮಕ್ಕಳನ್ನು ನೋಡಿ: ತಿಮ್ಮಯ್ಯನವರು ಬರ್ಮಾದಲ್ಲಿ ಜಪಾನೀಯರ ಎದುರು ಹೋರಾಡಿ ಮುಂದೆ ಭಾರತದ ಸೇನಾ ಮುಖ್ಯಸ್ಥರಾದರು, ಅವರ ಅಣ್ಣ ಪೊನ್ನಪ್ಪ ಸಿಂಗಪುರದಲ್ಲಿ ಸೆರೆಸಿಕ್ಕು ಆಜಾದ್ ಹಿಂದ್ ಫೌಜು ಸೇರಿದರು. ಆ ತಾಯಿ ಇಬ್ಬರಲ್ಲಿ ಯಾರ ಹೆಸರಿಗೆ ದೀಪ ಹಚ್ಚಬೇಕಿತ್ತು?

‘ದೇಶಸೇವೆಯ ಹಂಬಲದಿಂದ ಸೈನ್ಯ ಸೇರಿದರು’ ಎಂಬ ಸಾಲನ್ನೂ ಹೊಡೆದುಹಾಕಿದ್ದೇನೆ. ಅವರು ಸೇರಿದ್ದು ಮಹಾರಾಜರ ಪಟಾಲಂ. ಅದು ಹೋದದ್ದು ಇಂಗ್ಲಿಷರ ಯುದ್ಧಕ್ಕೆ. ಅದೇ 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನವರು ಸರ್ಕಾರವೇ ಬೇಡ ಎಂದು ತಮ್ಮೂರನ್ನು ಸ್ವತಂತ್ರವೆಂದು ಸಾರಿದ್ದರು, ಮರುವರ್ಷ ಅವರಲ್ಲಿ ಐವರನ್ನು ಗಲ್ಲಿಗೇರಿಸಿದರು. ಸರ್ಕಾರದ ಕಡೆಯ ಸಿಪಾಯಿಯ ಹೆಂಡತಿಯಾಗಿ ಊರಲ್ಲಿ ಬದುಕುವುದು ಆ ಹೊತ್ತಿನಲ್ಲಿ ಹೇಗಿತ್ತು? ಅಜ್ಜಿಗೆ ಅವರ ಅವ್ವ ಏನಾದರೂ ಹೇಳಿರಬಹುದು. ಮುತ್ತಾತ ಯಾಕೆ ಸೇರಿದರು ಎಂಬುದಕ್ಕಂತೂ ಅಜ್ಜಿಯ ಉತ್ತರ ನಿಮ್ಮ ಎರಡನೇ ಪುಟದಲ್ಲೇ ಇದೆ, ನೀವದನ್ನು ಕಂಸದೊಳಗೆ ಬಚ್ಚಿಟ್ಟಿದ್ದೀರಿ: “ಎತ್ತು ಸತ್ತೋದ್ವಂತೆ, ಅದ್ಕೇ ಪಟಾಲಂ ಸೇರ್ಕಂಡ್ರಂತೆ.” ಎರಡನೇ ಪುಟದಲ್ಲಿ ಸತ್ತ ಎತ್ತು, ಎಂಟನೇ ಪುಟದಲ್ಲಿ ಕೊಂಡ ಎತ್ತು. ನಡುವೆ ಸಿಂಗಪುರ. ನಿಮ್ಮ ಕೈಯಲ್ಲೇ ಇದು ಇತ್ತು, ನಿಮಗೇ ಕಂಡಿಲ್ಲ.

ಇನ್ನು ಏಳನೇ ಪುಟ. ‘ಮುತ್ತಾತನ ತಮಾಷೆಯ ಅಭ್ಯಾಸಗಳು’ ಎಂಬ ತಲೆಬರಹದ ಕೆಳಗೆ ಬರೆದಿದ್ದೀರಿ: ದಿನಾ ಸಂಜೆ ಜಗಲಿಯ ಮೇಲೆ ಕೂತು ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ, ಬೆರಳು ತೆಗೆದು, ಅಲ್ಲೇ ಸ್ವಲ್ಪ ಹೊತ್ತು ದಿಟ್ಟಿಸುತ್ತಿದ್ದರು, ಮನೆಯವರೆಲ್ಲ ನಗುತ್ತಿದ್ದರು. ಅದರ ಮುಂದಿನ ಸಾಲು: ಹಬ್ಬದ ದಿನವೂ ಬಿಳಿ ಅನ್ನ ಮುಟ್ಟುತ್ತಿರಲಿಲ್ಲ, ಮುದ್ದೆಯೇ ಆಗಬೇಕಿತ್ತು, ‘ಅಷ್ಟು ಹಟ’.

ನಮ್ಮಪ್ಪ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು. ಕಾಲು ಊದಿಕೊಂಡು ಬಂದವರ ಕಾಲಿನ ಮೇಲೆ ಅವರು ಹೀಗೇ ಹೆಬ್ಬೆರಳು ಒತ್ತಿ ತೆಗೆಯುವುದನ್ನು ಚಿಕ್ಕಂದಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಒತ್ತಿದ ಕಡೆ ಗುಳಿ ಬಿದ್ದು ಹಾಗೇ ನಿಂತರೆ ಮೈಯಲ್ಲಿ ನೀರು ತುಂಬಿದೆ ಎಂದರ್ಥ. ಪೂರ್ವದ ಸೆರೆಶಿಬಿರಗಳಲ್ಲಿ ಬೆರಿಬೆರಿ ಮನೆಮಾತಾಗಿತ್ತು. ತವುಡು ತೆಗೆದ ಬಿಳಿ ಅಕ್ಕಿಯೊಂದನ್ನೇ, ಅದೂ ಅರೆಹೊಟ್ಟೆ, ತಿಂಗಳುಗಟ್ಟಲೆ ತಿಂದರೆ ಬಿ1 ಜೀವಸತ್ವ ಇಲ್ಲದೆ ಕಾಲು ಊದುತ್ತದೆ, ಊತ ಮೇಲೇರುತ್ತದೆ, ಕೊನೆಗೆ ಹೃದಯ ಕೈಕೊಡುತ್ತದೆ. ಊತ ಎಲ್ಲಿಯವರೆಗೆ ಬಂತು ಎಂದು ಸೆರೆಯಾಳುಗಳು ತಮ್ಮ ಕಾಲನ್ನು ತಾವೇ ಒತ್ತಿ ನೋಡಿಕೊಳ್ಳುತ್ತಿದ್ದರು. ರಾಗಿಯಲ್ಲಿ ಹೊಟ್ಟು ಕಾಳಿನ ಜೊತೆಗೇ ಇರುತ್ತದೆ, ಆ ಸತ್ವವೂ ಉಳಿದಿರುತ್ತದೆ. ಮುತ್ತಾತನಿಗೆ ಜೀವಸತ್ವದ ಹೆಸರು ತಿಳಿದಿರಲಿಲ್ಲವೇನೋ, ಮುದ್ದೆ ತಿಂದು ಬೆಳೆದ ಮೈಗೆ ಅನ್ನ ಏನು ಮಾಡಿತು ಎಂಬುದು ತಿಳಿದಿತ್ತು. ನಿಮ್ಮ ಮುತ್ತಾತನದು ಹಟವೂ ಅಲ್ಲ, ತಮಾಷೆಯೂ ಅಲ್ಲ. ನಲವತ್ತು ವರ್ಷ, ಪ್ರತಿ ಸಂಜೆ, ತಾನಿನ್ನೂ ಸಾಯುತ್ತಿಲ್ಲ ಎಂದು ಅವರು ಖಾತ್ರಿ ಮಾಡಿಕೊಳ್ಳುತ್ತಿದ್ದರು ಎಂದೇ ನಾನು ಓದಿಕೊಂಡೆ. ಮನೆಯವರು ನಕ್ಕರೂ ಅವರು ವಿವರಿಸಲಿಲ್ಲ ನೋಡಿ.

ನಿಮ್ಮ ಲೇಖನದ ಹತ್ತು ಪುಟದಲ್ಲಿ ಯುದ್ಧ ಇರುವುದು ಅಲ್ಲಿ ಮಾತ್ರ.

ಇದನ್ನು ಓದಿದ ಮೇಲೆ ನಿಮಗೆ ಆ ಜಾಗದಲ್ಲಿ ನಾನು ಹೇಳಿದ್ದನ್ನೆಲ್ಲ ತುಂಬಿಸುವ ಆಸೆಯಾಗಬಹುದು. ಬೇಡ. ಬೆರಿಬೆರಿಗೆ ಎರಡು ವಾಕ್ಯ ಸಾಕು. ಜಗಲಿ, ಸಂಜೆ, ಹೆಬ್ಬೆರಳು, ನಗುವ ಮಕ್ಕಳು: ಇಷ್ಟು ಕಾಣಿಸಿ. ನೀವೂ ಆ ತಮಾಷೆಯನ್ನು ಮನೆಯವರಿಂದ ಕೇಳಿ ನಕ್ಕವರೇ ತಾನೆ? ಅದನ್ನೂ ಬರೆಯಿರಿ.

ಅಜ್ಜಿಯ ಮಾತಿಗೆ ಬರುತ್ತೇನೆ. ಮುತ್ತಾತ ಹೊರಟಾಗ ಅವರು ಹೊಟ್ಟೆಯಲ್ಲಿದ್ದರು. ಅಪ್ಪನ ಮುಖ ಮೊದಲು ನೋಡಿದ್ದು ಐದನೇ ವರ್ಷದಲ್ಲಿ. ನೀವು ಬರೆದಿರುವುದು ಹೀಗೆ: ‘ಅಪರಿಚಿತ ವ್ಯಕ್ತಿಯೊಬ್ಬರು ಆಗಮಿಸಿದ್ದನ್ನು ಕಂಡು ಬಾಲಕಿಯು ಭಯಭೀತಳಾದಳು.’ ನಿಮ್ಮ ಅಜ್ಜಿ ಹೀಗೆ ಮಾತಾಡುತ್ತಾರಾ? ಫೋನಿನಲ್ಲಿ ನೀವು ಅವರ ಧ್ವನಿಯಲ್ಲೇ ಹೇಳಿದಿರಿ: “ಯಾರೋ ಬಂದವ್ರೆ ಕಣವ್ವ ಅಂತ ಕೂಗಿ ಕಣಜದಿಂದೆ ಅವಿತ್ಕಂಡೆ. ಅವ್ವ ಈಚೆಗೇ ಬರ್ಲಿಲ್ಲ.” ಅವ್ವ ಈಚೆಗೆ ಬರಲಿಲ್ಲ! ಮೂರೂವರೆ ವರ್ಷ ಗಂಡ ಇದ್ದಾನೋ ಇಲ್ಲವೋ ತಿಳಿಯದೆ ಹಣೆಗೆ ಕುಂಕುಮ ಇಟ್ಟುಕೊಂಡ ಹೆಂಗಸು. ಮದುವೆ ಮನೆಯಲ್ಲಿ ಸೋಬಾನೆಗೆ ಕರೆಯಲೋ ಬೇಡವೋ ಎಂದು ಊರಿನ ಹೆಂಗಸರು ಹಿಂದೆಮುಂದೆ ನೋಡುತ್ತಿದ್ದರು, ಅತ್ತೆ ಎರಡು ಸಲ ಕಣಿ ಕೇಳಿಸಿದರು, ಒಬ್ಬಳು ಇದ್ದಾನೆ ಎಂದಳು, ಒಬ್ಬಳು ನೀರು ದಾಟಿಹೋದ ಎಂದಳು. ಇದಿಷ್ಟಕ್ಕೆ ನೀವು ಕೊಟ್ಟಿರುವುದು ಎರಡು ಸಾಲು, ಹೈಫಾಕ್ಕೆ ಒಂದೂಕಾಲು ಪುಟ. ಆ ಹೆಂಗಸಿಗೆ ಪದಕ ಯಾರೂ ಕೊಡಲಿಲ್ಲ, ಹಾಗಾಗಿ ನಿಮ್ಮ ಕಣ್ಣಿಗೂ ಬೀಳಲಿಲ್ಲ ಅಂತ ಕಾಣುತ್ತದೆ. ಗಂಡ ಬಾಗಿಲಲ್ಲಿ ನಿಂತಾಗ ಅವರು ಒಳಗೆ ಏನು ಮಾಡುತ್ತಿದ್ದರು? ಅಜ್ಜಿಗೆ ನೆನಪಿರಬಹುದು, ಇಲ್ಲದೆಯೂ ಇರಬಹುದು. ನೆನಪಿಲ್ಲ ಎಂದರೆ ‘ನೆನಪಿಲ್ಲ ಅಂದರು’ ಎಂದು ಬರೆಯಿರಿ, ಕಣ್ಣೀರು ಧಾರೆಯಾಗಿ ಹರಿಸಬೇಡಿ.

ಪ್ರಾಸ ಇಷ್ಟವೆಂದು ಶೀರ್ಷಿಕೆಯಲ್ಲಿ ಸಿಂಹ ತಂದಿದ್ದೀರಿ. ಬೇಡ. ಕೊನೆಯ ಪುಟದ ‘ಇಂದಿನ ಯುವಪೀಳಿಗೆಗೆ ಕರೆ’ಯೂ ಬೇಡ, ಕರೆ ಕೊಡುವವರು ನಮ್ಮಲ್ಲಿ ಸಾಕಷ್ಟಿದ್ದಾರೆ. ಪದಕಗಳ ಫೋಟೋ ಕಳಿಸಿದ್ದೀರಿ, ಅದರ ಬದಲು ಪದಕದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಭಾರತದ ಸಿಪಾಯಿಗಳ ಪದಕಗಳ ಮೇಲೆ ಹೆಸರು, ನಂಬರು ಕೆತ್ತಿರುವುದುಂಟು. ನಂಬರು ಸಿಕ್ಕರೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲೂ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲೂ ವಿಚಾರಿಸಲು ಒಂದು ಹಿಡಿ ಸಿಗುತ್ತದೆ. ಮುತ್ತಾತನ ಜೊತೆಗೆ ಹೋಗಿ ವಾಪಸು ಬಾರದ ಪಕ್ಕದ ಹಟ್ಟಿಯ ಗೆಳೆಯನ ಮಾತು ಒಂಬತ್ತನೇ ಪುಟದಲ್ಲಿ ಬಂದು ಮಾಯವಾಗುತ್ತದೆ. ಸಿಂಗಪುರದ ಕ್ರಾಂಜಿ ಸ್ಮಾರಕದ ಗೋಡೆಗಳ ಮೇಲೆ ಗೋರಿಯೇ ಇಲ್ಲದ 24,000ಕ್ಕೂ ಹೆಚ್ಚು ಜನರ ಹೆಸರುಗಳಿವೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಹುಡುಕಬಹುದು. ನಮ್ಮ ಹೆಸರುಗಳ ಇಂಗ್ಲಿಷ್ ಕಾಗುಣಿತ ಅಲ್ಲಿ ಹೇಗೆ ಬೇಕಾದರೂ ಇರಬಹುದು, ನಾಲ್ಕಾರು ಥರ ಬರೆದು ನೋಡಿ. ಸಿಕ್ಕರೆ ಆ ಮನೆಯವರಿಗೆ ಮೊದಲು ತಿಳಿಸಿ, ನನಗೆ ಆಮೇಲೆ.

ಯುಗಾದಿ ಸಂಚಿಕೆಗೆ ಇನ್ನೂ ಸಮಯವಿದೆ. ಈಗಿನ ಪ್ರತಿಯನ್ನು ತಿದ್ದುತ್ತ ಕೂರಬೇಡಿ, ಬದಿಗಿಟ್ಟು ಊರಿಗೆ ಹೋಗಿ ನಾಲ್ಕು ದಿನ ಇರಿ. ಅಜ್ಜಿಗೆ ಎಂಬತ್ತು ದಾಟಿದೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತೀರಾದರೆ ಅವರನ್ನು ಕೇಳಿಯೇ ಮಾಡಿ, ಪ್ರಶ್ನೆ ಕಡಿಮೆ ಕೇಳಿ. ಆಮೇಲೆ ನಾಲ್ಕೈದು ಪುಟ ಬರೆದು ಕಳಿಸಿ. ದಯವಿಟ್ಟು ಯೂನಿಕೋಡ್‌ನಲ್ಲಿರಲಿ. ಈ ಸಲ ನೀವು ‘ನುಡಿ’ ತಂತ್ರಾಂಶದಲ್ಲಿ ಕಳಿಸಿದ್ದನ್ನು ಪರಿವರ್ತಿಸುವಾಗ ಅರ್ಕಾವತ್ತುಗಳೆಲ್ಲ ದಿಕ್ಕಾಪಾಲಾಗಿ, ಬರ್ಮಾ ಯಾವುದು ಬ್ರಹ್ಮ ಯಾವುದು ಎಂದು ತಿಳಿಯಲು ನಮ್ಮ ಕರಡು ತಿದ್ದುವವರಿಗೆ ಅರ್ಧ ದಿನ ಹಿಡಿಯಿತು.

ಇತಿ,
ಸಂಪಾದಕ